1948ರ ಹೈದರಾಬಾದ್: ಕನ್ನಡ ಸೀಮೆಯ ಚರಿತ್ರೆ ಎಲ್ಲಿ?

ಕಲಬುರಗಿ, ಬೀದರ್, ರಾಯಚೂರುಗಳಿಂದ ಸಾಫ್ಟ್‌ವೇರ್ ಕೋರ್ಸ್‌ಗೆಂದು ಹೈದರಾಬಾದಿನ ಅಮೀರ್‌ಪೇಟ್‌ಗೆ ಬರುವ ನಮ್ಮ ಹುಡುಗರಿಗೆ 1948 ಎಂದರೆ ಸೆಪ್ಟೆಂಬರ್ 13ರಿಂದ 17ರವರೆಗಿನ ಐದು ದಿನ. ಭಾರತದ ಸೈನ್ಯ ಬಂತು, ನಿಜಾಮನ ಪರ ನಿಂತ ಸಶಸ್ತ್ರ ಪಡೆಯ ರಜಾಕಾರರು ಓಡಿದರು, ನಿಜಾಮ ಶರಣಾದ. ವರ್ಷಾವರ್ಷ ವೇದಿಕೆಗಳ ಮೇಲೂ ಇಷ್ಟೇ ಕೇಳಿಬರುತ್ತದೆ. ಉಳಿದ ತಿಂಗಳುಗಳು ಎಲ್ಲಿ ಹೋದವು?

ಆ ವರ್ಷದ ಕಥೆಯನ್ನು ಮೊದಲು ಬರೆದವರು ಅಧಿಕಾರದಲ್ಲಿದ್ದವರು: 1956ರಲ್ಲಿ ದೆಹಲಿಯ ಅಧಿಕಾರಿಯಾಗಿದ್ದ ವಿ.ಪಿ. ಮೆನನ್, ಮರುವರ್ಷ ಹೈದರಾಬಾದಿನಲ್ಲಿ ದೆಹಲಿಯ ಪ್ರತಿನಿಧಿಯಾಗಿದ್ದ ಕೆ.ಎಂ. ಮುನ್ಶಿ, 1962ರಲ್ಲಿ ನಿಜಾಮರ ಪ್ರಧಾನಿ ಲಾಯಕ್ ಅಲಿ. ಮೂವರ ಗಮನವೂ ದೆಹಲಿ-ಹೈದರಾಬಾದ್ ಮಾತುಕತೆಯ ಮೇಲೆಯೇ. ಸಿಂದಗಿಯಲ್ಲಿ ಹುಟ್ಟಿದ, ಸಂಸ್ಥಾನದ ಕಾಂಗ್ರೆಸ್ ನಾಯಕ ಸ್ವಾಮಿ ರಮಾನಂದ ತೀರ್ಥರ ನೆನಪುಗಳು 1967ರಲ್ಲಿ ಬಂದಾಗ ಜನರ ಚಳವಳಿಗೆ ಜಾಗ ಸಿಕ್ಕಿತು. 1972ರಲ್ಲಿ ಕಮ್ಯುನಿಸ್ಟ್ ನಾಯಕ ಪಿ. ಸುಂದರಯ್ಯ ತೆಲಂಗಾಣದ ರೈತ ಹೋರಾಟವನ್ನು ಬರೆದರು. ದೊಡ್ಡ ಕೃತಿ, ಆದರೆ ಅಲ್ಲಿಂದಾಚೆ ಸಂಸ್ಥಾನದ ಹೋರಾಟವೆಂದರೆ ನಲ್ಗೊಂಡ, ವಾರಂಗಲ್ ಎಂಬಂತಾಯಿತು.

ಕನ್ನಡ ಸೀಮೆಯ ಹೋರಾಟದ ರೀತಿಯೇ ಬೇರೆ. ಅದು ನಡೆದದ್ದು ಗಡಿಶಿಬಿರಗಳಿಂದ. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳಾಗಿದ್ದರು. ಎರಡೂ ಊರು ಆಗ ಮುಂಬಯಿ ಪ್ರಾಂತದವು. ನಿಜಾಮರ ಪೊಲೀಸರು ಅಲ್ಲಿ ಕಾಲಿಡುವಂತಿರಲಿಲ್ಲ. ಯುವಕರು ಗಡಿ ದಾಟಿ ಕರೋಡಗಿರಿ (ಸುಂಕದ) ನಾಕೆಗಳ ಮೇಲೆ, ಠಾಣೆಗಳ ಮೇಲೆ ಬೀಳುತ್ತಿದ್ದರು. ಊರು ಬಿಟ್ಟು ಬಂದವರಿಗೆ ಆಸರೆ ಕೊಡುತ್ತಿದ್ದರು. ಇದು ನಮಗೆ ತಿಳಿದದ್ದು ದೆಹಲಿಯ ಕಡತಗಳಿಂದಲ್ಲ. ಹಳ್ಳಿ ಹಳ್ಳಿ ತಿರುಗಿ, ಕಟ್ಟೆಗಳ ಮೇಲೆ ಕುಳಿತು, ಹಿರಿಯರ ಬಾಯಿಮಾತನ್ನು ಬರೆದಿಟ್ಟುಕೊಂಡ ನಮ್ಮ ತಲೆಮಾರಿನ ಮಾಸ್ತರರಿಂದ. ಪ್ರೇಮವಿಲ್ಲದೆ ಆಗುವ ಕೆಲಸವಲ್ಲ ಅದು. ಈ ಬರಹಗಳನ್ನು ಬರೀ ಸ್ಥಳೀಯ ಇತಿಹಾಸವೆಂದು ಬದಿಗೆ ಸರಿಸುವ ವಿದ್ವಾಂಸರು ಅವನ್ನು ಓದಿಲ್ಲ. 1948ರ ಮೇ ತಿಂಗಳಲ್ಲಿ ರಜಾಕಾರರು ಬಸವಕಲ್ಯಾಣದ ಸಮೀಪದ ಗೋರ್ಟಾದಲ್ಲಿ ನಡೆಸಿದ ಕಗ್ಗೊಲೆ ದಶಕಗಟ್ಟಲೆ ಉಳಿದದ್ದು ಜನರ ನೆನಪಿನಲ್ಲೇ. ಅಲ್ಲಿ ಸ್ಮಾರಕ ಉದ್ಘಾಟನೆಯಾದದ್ದು 2023ರಲ್ಲಿ.

ಈಚೆಗೆ ಇಡೀ ವರ್ಷವನ್ನು ಹಿಂದೂ-ಮುಸ್ಲಿಂ ಜಗಳವೆಂದು ಓದುವುದು ಹೆಚ್ಚಾಗಿದೆ. ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಆಗಸ್ಟ್‌ನಲ್ಲಿ ಇದೇ ಹೈದರಾಬಾದ್ ನಗರದಲ್ಲಿ ಕೊಲೆಯಾದದ್ದನ್ನು ಈ ಓದು ಎಲ್ಲಿ ಇಡುತ್ತದೆ?

ಸೆಪ್ಟೆಂಬರ್ 17ರ ನಂತರದ ವಾರಗಳ ಬಗ್ಗೆ ಕನ್ನಡದಲ್ಲಿ ಬಂದಿರುವುದು ತೀರ ಕಡಿಮೆ. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಗೆ ಜಿಲ್ಲೆಗಳನ್ನು ಸುತ್ತಿತು. ಸೈನಿಕ ಕಾರ್ಯಾಚರಣೆಯ ಹೊತ್ತಿನಲ್ಲೂ ಆಮೇಲೂ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವೇ: ಗುಲಬರ್ಗಾ ಮತ್ತು ಬೀದರ್. ದಶಕಗಳ ಕಾಲ ಸರ್ಕಾರ ಪ್ರಕಟಿಸದ ಆ ವರದಿಯನ್ನು ಎ.ಜಿ. ನೂರಾನಿ 2013ರ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿದರು. ಗೋರ್ಟಾಕ್ಕಾಗಿ ಮರುಗುವವರು ಇದನ್ನೂ ಓದಬೇಕು. ಇದನ್ನು ಎತ್ತಿ ಹಿಡಿಯುವವರು ಗೋರ್ಟಾವನ್ನು ಮರೆಯಬಾರದು.

ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಮೇ ತಿಂಗಳನ್ನು ಕಂಡವರ ಮಾತನ್ನೂ ಅಕ್ಟೋಬರ್ ಕಂಡವರ ಮಾತನ್ನೂ ಕಲಬುರಗಿ, ಬೀದರ್‌ನ ಕಾಲೇಜುಗಳು ತಡಮಾಡದೆ ಧ್ವನಿಮುದ್ರಿಸಿಕೊಳ್ಳಲಿ. ಎರಡನ್ನೂ ಒಂದೇ ಸಂಪುಟದಲ್ಲಿ ತರಲಿ.