ಮರಳಿ ಬಂದ ಮೂಗು

ಮಾನ ಹೋದವನು ನಾಲ್ವರಿಗೆ ಮುಖ ತೋರಿಸಲಾರನೆಂಬುದು ನಮ್ಮ ಜನರ ಮಾತು. ಒಂದು ಕಾಲದಲ್ಲಿ ಇದು ಬರಿಯ ನುಡಿಗಟ್ಟಾಗಿರಲಿಲ್ಲ. ಅಪರಾಧಿಗಳ, ಸೆರೆಯಾಳುಗಳ ಮೂಗನ್ನು ಕೊಯ್ಯುವ ಶಿಕ್ಷೆ ನಿಜವಾಗಿಯೂ ಇದ್ದಿತು. ಹಾಗೆ ಹೋದ ಒಂದು ಮೂಗು ಮರಳಿ ಬಂದ ವೃತ್ತಾಂತವನ್ನು ಇಂದು ಶ್ರೋತೃಗಳ ಮುಂದಿಡುತ್ತೇವೆ.

1792ರಲ್ಲಿ ಮುಗಿದ ಮೈಸೂರು ಯುದ್ಧದ ಕಾಲ. ಆಂಗ್ಲ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠಿಗನು ಟೀಪೂ ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಅವನು ಸುಮಾರು ಒಂದು ವರ್ಷ ಮೂಗಿಲ್ಲದೆಯೇ ಇದ್ದನು. ಬಳಿಕ ಪುಣೆಯ ಸಮೀಪದಲ್ಲಿ, ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು.

ಮೇಣದ ತಗಡೊಂದನ್ನು ಮೂಗಿನ ಆಕಾರಕ್ಕೆ ತಂದು, ಹಣೆಯ ಮೇಲೆ ಹರಡಿ, ಅದರ ಸುತ್ತ ಗೆರೆಯೆಳೆದು, ಅಷ್ಟು ಚರ್ಮವನ್ನು ಬಿಡಿಸಿದರು. ಹುಬ್ಬುಗಳ ನಡುವೆ ಒಂದು ಪಟ್ಟಿಯನ್ನು ಮಾತ್ರ ಕಡಿಯದೆ ಉಳಿಸಿದರು. ರಕ್ತಸಂಚಾರ ನಿಲ್ಲದಿರಲು ಅದೇ ಆಧಾರ. ಚರ್ಮವನ್ನು ಕೆಳಕ್ಕೆ ತಿರುಗಿಸಿ ಕೂಡಿಸಿ, ನಾವು ಎಲೆಯಡಕೆಗೆ ಬಳಸುವ ಕಾಚನ್ನು ನೀರಿನಲ್ಲಿ ಕದಡಿ ಬಟ್ಟೆಗೆ ಸವರಿ ಮೇಲೆ ಅಂಟಿಸಿದರು. ಕೆಲವು ದಿನಗಳ ತರುವಾಯ ತುಪ್ಪದಲ್ಲಿ ನೆನೆಸಿದ ಬಟ್ಟೆ; ಸುಮಾರು 25ನೆಯ ದಿನ ಆ ಪಟ್ಟಿಯನ್ನು ಕಡಿದರು. ಸುಶ್ರುತ ಸಂಹಿತೆಯಲ್ಲಿಯೂ ಎಲೆಯ ಅಳತೆಯಿಂದ ಕೆನ್ನೆಯ ಚರ್ಮವನ್ನು ತೆಗೆದು ಮೂಗು ಕಟ್ಟುವ ಕ್ರಮ ಹೇಳಿದೆ. ಶಾಸ್ತ್ರದ ವಿದ್ಯೆಯೊಂದು ಕಸಬುದಾರನ ಕೈಯಲ್ಲಿ ಜೀವಂತವಾಗಿದ್ದಿತು.

ಈ ವರದಿಯೇ ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂವಿಗೆ ಪ್ರೇರಣೆಯಾಯಿತು. ಅವನು 1814ರಲ್ಲಿ ಇದೇ ಕ್ರಮದಿಂದ ಸೇನಾಧಿಕಾರಿಯೊಬ್ಬನಿಗೆ ಮೂಗು ಕಟ್ಟಿ, ಇಂಥ ಎರಡು ಚಿಕಿತ್ಸೆಗಳ ವಿವರವನ್ನು 1816ರಲ್ಲಿ ಗ್ರಂಥವಾಗಿ ಪ್ರಕಟಿಸಿದನು.

ಇಲ್ಲಿ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು. ಕವಾಸ್‌ಜಿಯ ಗಾಯ ಮಾಗಿದ್ದಿತು. ಅವನು ಉಣ್ಣಬಲ್ಲವನಾಗಿದ್ದನು, ಉಸಿರಾಡಬಲ್ಲವನಾಗಿದ್ದನು. ಈಥರಿನಿಂದ ಮೈಮರೆಸುವ ಉಪಾಯ ಲೋಕಕ್ಕೆ ತಿಳಿದದ್ದು 1846ರಲ್ಲಿ. ಎಚ್ಚರವಿದ್ದಂತೆಯೇ ಹಣೆಯ ಚರ್ಮವನ್ನು ಸುಲಿಸಿಕೊಳ್ಳುವ ಯಾತನೆಗೆ ಅವನೇಕೆ ಒಪ್ಪಿದನು? ದೇಹಕ್ಕೆ ಕೊರತೆಯಿರಲಿಲ್ಲವೆಂದರೂ, ಜನರ ನಡುವೆ ಬಾಳುವ ಮನುಷ್ಯನಿಗೆ ಕೊರತೆಯಿದ್ದಿತು ಎಂಬುದೇ ನಮ್ಮ ಉತ್ತರ.

ಒಂದನೆಯ ಮಹಾಯುದ್ಧ ಇದನ್ನೇ ಸಾವಿರಾರು ಮಂದಿಯಲ್ಲಿ ತೋರಿಸಿತು. ಇಂಗ್ಲೆಂಡಿನ ಸಿಡ್‌ಕಪ್ಪಿನಲ್ಲಿ 1917ರಲ್ಲಿ ತೆರೆದ ಆಸ್ಪತ್ರೆಯಲ್ಲಿ ಹೆರಾಲ್ಡ್ ಗಿಲ್ಲೀಸನು ಮುಖ ಛಿದ್ರವಾದ ಸೈನಿಕರಿಗೆ ಹಂತಹಂತವಾಗಿ ಮುಖವನ್ನು ಕಟ್ಟಿಕೊಟ್ಟನು. ಅಲ್ಲಿಯ ವಾರ್ಡುಗಳಲ್ಲಿ ಕನ್ನಡಿಯನ್ನು ಇಡುತ್ತಿರಲಿಲ್ಲ. ಗುಂಡಿನೇಟನ್ನು ಸಹಿಸಿದವರೂ ತಮ್ಮ ಪ್ರತಿಬಿಂಬವನ್ನು ಸಹಿಸಲಾರದೆ ಹೋಗಬಹುದಾಗಿತ್ತು.

ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯೆಂದೊಡನೆ ಚೆಲುವಿನ ಚಪಲವೆಂದು ಮೂಗು ಮುರಿಯುವವರುಂಟು. ಚಪಲವೂ ಇಲ್ಲದಿಲ್ಲ. ಆದರೆ ಸುಟ್ಟ ಮುಖದ, ಸೀಳುತುಟಿಯ ರೋಗಿಯೊಬ್ಬನು ವೈದ್ಯನ ಬಾಗಿಲಿಗೆ ಬಂದಾಗ ನಾವು ಕವಾಸ್‌ಜಿಯನ್ನು ನೆನೆಯುವುದು ಲೇಸು. ಗಾಯ ಮಾಗಿದ ಮಾತ್ರಕ್ಕೆ ಆರೋಗ್ಯ ಪೂರ್ಣವಾಗದು. ಮನುಷ್ಯನು ಮರಳಿ ನಾಲ್ವರಿಗೆ ಮುಖ ತೋರಿಸುವಂತಾದ ದಿನವೇ ಅದು ಪೂರ್ಣವಾಗುವುದು.