ಹಳೇ ನಂಬರು, ಹೊಸ ಮೈ

ಎಂಜಿ ಅಂದ ಕೂಡಲೇ ಈಗಿನವರಿಗೆ ಹೆಕ್ಟರ್ ನೆನಪಾಗುತ್ತೆ. ನಾನು ಹೇಳಹೊರಟಿರುವುದು ಅದೇ ಹೆಸರಿನ ಹಳೇ ಕಾರಿನ ಕಥೆ, ಎಂಜಿಬಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಸಣ್ಣ ಊರಿನ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಮಿಕ್ಕಿ ಹೊರಬಂದ ಕಾರು. ಎರಡು ಸೀಟು, ತೆಗೆದಿಡಬಹುದಾದ ಟಾಪು. ದೊಡ್ಡ ಶ್ರೀಮಂತರದ್ದೇನಲ್ಲ, ಮೇಷ್ಟ್ರು, ಗುಮಾಸ್ತರು ಕೂಡ ಕೊಂಡುಕೊಳ್ಳಬಹುದಾಗಿದ್ದ ಸ್ಪೋರ್ಟ್ಸ್ ಕಾರು.

ಇದಕ್ಕಿಂತ ಮುಂಚಿನ ಎಂಜಿಎಗೆ ಚಾಸಿಯೇ ಬೇರೆ, ಮೈಯೇ ಬೇರೆ. ಲಾರಿಯ ಹಾಗೆ ಅನ್ನಿ. ಮೈ ಕೊಳೆತರೆ ಬಿಚ್ಚಿ ಕೆಳಗಿಟ್ಟು ರಿಪೇರಿ ಮಾಡಬಹುದಿತ್ತು. ಎಂಜಿಬಿಯಲ್ಲಿ ಎರಡೂ ಒಂದೇ. ತಗಡುಗಳನ್ನು ಒತ್ತಿ, ಮಡಿಸಿ, ವೆಲ್ಡ್ ಮಾಡಿ ಕಟ್ಟಿದ ಪೆಟ್ಟಿಗೆಯೇ ಚಾಸಿ. ಹಗುರ, ಗಟ್ಟಿ, ಎಲ್ಲಾ ಸರಿ. ಆದರೆ ತುಕ್ಕು ಹಿಡಿದರೆ ಹಿಡಿಯುವುದು ಬೆನ್ನುಮೂಳೆಗೇ.

ಅಲ್ಲಿ ಚಳಿಗಾಲದಲ್ಲಿ ಮಂಜು ಕರಗಲಿ ಅಂತ ರಸ್ತೆಗೆ ಉಪ್ಪು ಸುರೀತಾರೆ. ಆ ಉಪ್ಪುನೀರು, ಕೆಸರು ಹಿಂದಿನ ಚಕ್ರದ ಗೂಡಿನಲ್ಲಿ ಕೂತುಬಿಡುತ್ತೆ. ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಸಿಲ್ ಇದೆಯಲ್ಲ, ಅದರ ಹಿಂದಿನ ತುದಿ ಮೊದಲು ಹೋಗುತ್ತೆ. ಹಿಂದಿನ ಲೀಫ್ ಸ್ಪ್ರಿಂಗಿನ ಮುಂದಿನ ಕೊಂಡಿ ಇರುವುದೂ ಅದರ ಪಕ್ಕದಲ್ಲೇ. ಅಷ್ಟು ಸಾಲದು ಅಂತ ಮೊದಮೊದಲ ಕಾರುಗಳಲ್ಲಿ ಸೀಟಿನ ಹಿಂದೆ, ನೆಲದ ಕೆಳಗೆ, 6 ವೋಲ್ಟಿನ ಎರಡು ಬ್ಯಾಟರಿ ತೂಗುಹಾಕಿದ್ದರು. ಅವುಗಳ ಆಸಿಡ್ ತೊಟ್ಟಿಕ್ಕಿ ಆ ತಗಡನ್ನೂ ತಿಂದುಹಾಕಿತು. ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಹೊಳೆಯುತ್ತೆ, ಆದರೆ ಜ್ಯಾಕ್ ಕೊಟ್ಟರೆ ಕಾರು ಮೇಲೇಳುವ ಬದಲು ಜ್ಯಾಕೇ ಒಳಗೆ ತೂರುತ್ತೆ.

ಇದನ್ನು ಕತ್ತರಿಸಿ ಹೊಸ ತಗಡು ಕೂರಿಸುವ ಟಿಂಕರಿಂಗ್ ಇದೆ ನೋಡಿ, ಅದರಲ್ಲೊಂದು ಗುಟ್ಟಿದೆ. ಈ ಕಾರಿಗೆ ಮೇಲ್ಛಾವಣಿ ಇಲ್ಲ. ಸಿಲ್ ಕತ್ತರಿಸಿದ ಕ್ಷಣ ಮುಂದಿನ ಅರ್ಧ, ಹಿಂದಿನ ಅರ್ಧ ಎರಡೂ ನಡುವೆ ಕುಸಿಯುತ್ತವೆ. ಅದಕ್ಕೇ ಬಲ್ಲವರು ಮೊದಲು ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ, ಆಮೇಲೆ ಕತ್ತರಿಸುತ್ತಾರೆ. ಒಂದೊಂದು ಹಂತಕ್ಕೂ ಬಾಗಿಲು ತೂಗುಹಾಕಿ ಸಂದು ನೋಡುತ್ತಾರೆ. ಅವಸರಪಟ್ಟವರ ಕಾರಿನ ಬಾಗಿಲು ಮತ್ತೆ ಮುಚ್ಚಿದ್ದಿಲ್ಲ.

1980ರ ಅಕ್ಟೋಬರಿನಲ್ಲಿ ಆಬಿಂಗ್ಡನ್ ಕಾರ್ಖಾನೆ ಮುಚ್ಚಿತು. ಕೆಲಸಗಾರರು ಮನೆಗೆ ಹೋದರು. ಕಾರುಗಳು ಒಂದೊಂದಾಗಿ ಗುಜರಿಗೆ ಹೋಗತೊಡಗಿದವು. ಎಂಜಿನ್ ಚೆನ್ನಾಗಿದ್ದರೂ ಮೈ ಕೊಳೆತಿದೆ ಅಂತ ಎಸೆಯುವುದು ಎಂಥಾ ಸಂಕಟ! ಅದೃಷ್ಟಕ್ಕೆ ತಗಡು ಒತ್ತುತ್ತಿದ್ದ ಮೂಲ ಅಚ್ಚುಗಳಲ್ಲಿ ಬಹುಪಾಲು ಇನ್ನೂ ಉಳಿದಿದ್ದವು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಅವನ್ನು ಕೂಡಿಹಾಕಿ, ಫಾರಿಂಗ್ಡನ್‌ನಲ್ಲಿ ಶೆಡ್ ಹಾಕಿಕೊಂಡು, 1988ರಲ್ಲಿ ಎಂಜಿಬಿಯ ಇಡೀ ಮೈಯನ್ನು ಹೊಸದಾಗಿ ತಯಾರಿಸಿ ಮಾರತೊಡಗಿತು. ಕಾರು ನಿಂತು ಎಂಟು ವರ್ಷವಾದ ಮೇಲೆ! ಆಮೇಲೆ ಮಿಜೆಟ್, ಟ್ರಯಂಫ್ ಟಿಆರ್6 ಮೈಗಳೂ ಬಂದವು. ಎಂಜಿಬಿಯ ಈ ಹೊಸ ಮೈ ಇಟ್ಟುಕೊಂಡೇ ರೋವರ್ ಕಂಪನಿ 1992ರಲ್ಲಿ ವಿ8 ಎಂಜಿನ್ನಿನ ಎಂಜಿ ಆರ್‌ವಿ8 ಹೊರತಂದಿತು. ಮಾಡಿದ್ದು ಎರಡು ಸಾವಿರದಷ್ಟು, ಹೆಚ್ಚಿನವು ಹೋಗಿದ್ದು ಜಪಾನಿಗೆ. ತೊಂಬತ್ತರ ದಶಕದಲ್ಲೂ ಹಿಂದೆ ಅದೇ ಲೀಫ್ ಸ್ಪ್ರಿಂಗು, ಹಟ ನೋಡಿ!

ಈಗ ತಕರಾರು ಶುರು. ಹಳೇ ಕಾರಿನ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲಾ ಹೊಸ ಮೈಗೆ ಹಾಕಿದರೆ ಅದು ಹಳೇ ಕಾರೋ ಹೊಸದೋ? ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ ಇದಕ್ಕೆ ಬಹುಕಾಲ ಅಂಕದ ಲೆಕ್ಕ ಇಟ್ಟಿತ್ತು. ಮೈ ಅಥವಾ ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟಿಯರಿಂಗ್‌ಗೆ ತಲಾ 2, ಎಂಜಿನ್ನಿಗೆ ಬರೀ 1. ಎಂಟು ಅಂಕ ಬಂದರೆ ಹಳೇ ನಂಬರೇ ಉಳಿಯಿತು. ಮೂಲದ ಥರವೇ ಇರುವ ಹೊಸ ಮೈಗೂ ಆ 5 ಸಿಗುತ್ತಿತ್ತು. ಗುಮಾಸ್ತರ ಲೆಕ್ಕ ಅಂತ ನಗಬೇಡಿ, ಎಷ್ಟೋ ಕಾರು ಗುಜರಿಗೆ ಹೋಗದೆ ಉಳಿದದ್ದರಲ್ಲಿ ಇದರ ಪಾಲೂ ಇದೆ.

ನ್ಯಾಯಾಲಯವೂ ಒಮ್ಮೆ ಇಂಥದ್ದೇ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. 1929 ಮತ್ತು 1930ರಲ್ಲಿ ಲ ಮಾನ್ ರೇಸ್ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿಯನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಗೆದ್ದ ಕಾರಿನ ಭಾಗಗಳೇ ಇದರಲ್ಲಿ ಇಲ್ಲವಲ್ಲ ಅಂತ ಹಿಂದೆ ಸರಿದರು. ಭಾಗಗಳು ನಿಧಾನವಾಗಿ, ವರ್ಷಗಳುದ್ದಕ್ಕೂ ಬದಲಾದವು, ಕಾರು ಮಾತ್ರ ಯಾವತ್ತೂ ತನ್ನ ಗುರುತು ಕಳೆದುಕೊಂಡಿಲ್ಲ ಅಂತ 1990ರಲ್ಲಿ ನ್ಯಾಯಮೂರ್ತಿ ಆಟನ್ ಮಾರಿದವರ ಪರ ತೀರ್ಪಿತ್ತರು.

ಆ ತರ್ಕ ಹಿಡಿದರೆ ಒಂದೇ ಸಲಕ್ಕೆ ಮೈ ಪೂರ್ತಿ ಬದಲಿಸಿದ ಎಂಜಿಬಿಯ ಕೇಸು ಸ್ವಲ್ಪ ಸಡಿಲವೇ. ನನ್ನ ಒಲವು ತುಂಡುತುಂಡಾಗಿ ಮಾಡುವವರ ಕಡೆ. ಅದೇ ಹಳೇ ಅಚ್ಚಿನಲ್ಲಿ ಒತ್ತಿದ ಹಿಂದಿನ ಮಡ್‌ಗಾರ್ಡು, ಡಿಕ್ಕಿಯ ನೆಲ, ಸಿಲ್ಲು ಬಿಡಿಯಾಗಿಯೂ ಸಿಗುತ್ತವೆ. ತಿಂಗಳುಗಟ್ಟಲೆ ಹಿಡಿಯುತ್ತೆ, ಮನೆಯವರು ಬೈತಾರೆ. ಬಾಗಿಲು ತೂಗುಹಾಕಿ ಸಂದು ನೋಡುವ ಕೆಲಸವಂತೂ ಕೊನೇ ದಿನದವರೆಗೂ ತಪ್ಪುವುದಿಲ್ಲ.