ಎರಡು ವೈದ್ಯಶಾಲೆಗಳು, ಒಬ್ಬ ರೋಗಿ

ಜವಳಗೇರಾದಂತಹ ಊರಿನಲ್ಲಿ ರೋಗಿಯ ತಲೆದಿಂಬಿನ ಬಳಿ ಎರಡು ಬಗೆಯ ಔಷಧಗಳಿರುವುದು ಹೊಸ ಸಂಗತಿಯಲ್ಲ: ಒಂದು ಡಾಕ್ಟರರ ಶೀಸೆ, ಇನ್ನೊಂದು ಬೇರು ಅರೆದ ಬಟ್ಟಲು. ಡಾಕ್ಟರರು ಬಂದರೆ ಬಟ್ಟಲು ಮರೆಯಾಗುವುದು. ನಾಟಿವೈದ್ಯರು ಬಂದರೆ ಶೀಸೆ ಮರೆಯಾಗುವುದು. ಈ ಮರೆಮಾಚುವಿಕೆಯ ಹಿಂದಣ ಚರಿತ್ರೆಯನ್ನು ನಾವು ತುಸು ವಿಚಾರಿಸಿ ನೋಡೋಣ.

ಸಿಂಧನೂರು ಸೀಮೆಯು 1948ರವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ ಆ ರಾಜಧಾನಿಯ ಮೂಸಿ ನದಿಯ ದಡದ ಮೇಲೆ ಪಾಶ್ಚಾತ್ಯ ಪದ್ಧತಿಯ ಉಸ್ಮಾನಿಯಾ ಆಸ್ಪತ್ರೆಯೂ, ಚಾರ್‌ಮಿನಾರಿನ ಮಗ್ಗುಲಲ್ಲಿ ಯುನಾನಿ ಪದ್ಧತಿಯ ನಿಜಾಮಿಯಾ ದವಾಖಾನೆಯೂ ತಲೆಯೆತ್ತಿದವು. ಮೈಸೂರು ಸಂಸ್ಥಾನದಲ್ಲಿಯೂ 1908ರಲ್ಲಿ ಆಯುರ್ವೇದ ಕಾಲೇಜು, 1924ರಲ್ಲಿ ಮೆಡಿಕಲ್ ಕಾಲೇಜು ಪ್ರಾರಂಭವಾದವು. ಅರಸರು ಎರಡು ಮನೆಗಳನ್ನು ಕಟ್ಟಿಸಿದರು. ಅವುಗಳ ನಡುವೆ ಓಡಾಡುವ ಭಾರ ಮಾತ್ರ ಬಹುಮಟ್ಟಿಗೆ ರೋಗಿಯ ಪಾಲಿಗೇ ಉಳಿಯಿತು.

ಆ ಓಡಾಟದಲ್ಲಿ ಮೌನವು ಎಷ್ಟು ಅಪಾಯಕರವೆಂಬುದಕ್ಕೆ ಸರ್ಪಗಂಧಿಯ ವೃತ್ತಾಂತವೊಂದೇ ಸಾಕು. ಬಹುಕಾಲದಿಂದ ನಮ್ಮ ವೈದ್ಯರು ಬಳಸುತ್ತಿದ್ದ ಈ ಬೇರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಉಪಯುಕ್ತವೆಂದು 1931ರಲ್ಲಿ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಎಂಬವರು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ವಕೀಲರು ತಮ್ಮ ರೋಗಿಗಳ ಅನುಭವವನ್ನು ಇಂಗ್ಲೆಂಡಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಹೀಗೆ ಬಟ್ಟಲಿನ ಮದ್ದೇ ಶೀಸೆಯನ್ನು ಸೇರಿತು.

ಆದರೆ ಹೆಚ್ಚಿನ ಪ್ರಮಾಣದಲ್ಲಿ ಅದನ್ನು ಸೇವಿಸಿದ ಕೆಲವರಲ್ಲಿ ಮನಸ್ಸು ಗಾಢವಾದ ಖಿನ್ನತೆಗೆ ಇಳಿಯಿತೆಂದು ಆ ದಶಕದ ವೈದ್ಯರೇ ವರದಿಮಾಡಿದರು. ರಕ್ತದೊತ್ತಡದ ಮಾತ್ರೆ ನುಂಗುವವನು ಗುಟ್ಟಾಗಿ ಈ ಬೇರನ್ನೂ ಸೇವಿಸಿದರೆ ಒತ್ತಡವು ಮಿತಿಮೀರಿ ಕುಸಿಯಬಹುದು. ಗುಣಮಾಡಬಲ್ಲ ಮೂಲಿಕೆಗೆ ಕೇಡುಮಾಡುವ ಶಕ್ತಿಯೂ ಉಂಟು, "ಗಿಡಮೂಲಿಕೆಯಲ್ಲವೇ, ಏನಾದೀತು?" ಎಂಬ ಮಾತು ಆ ಮೂಲಿಕೆಗೇ ಮಾಡುವ ಅವಮಾನ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂದು ಯೋಗಾಭ್ಯಾಸವು ಮನೋವೈದ್ಯರ ಚಿಕಿತ್ಸೆಯ ಜೊತೆಜೊತೆಗೆ, ಅವರಿಗೆ ತಿಳಿದೇ ನಡೆಯುತ್ತದೆ. ಒಂದೇ ಸೂರಿನಡಿ ಸಾಧ್ಯವಾದ ಈ ಕ್ರಮವು ನಮ್ಮ ಮನೆಗಳಲ್ಲಿಯೂ ಸಾಧ್ಯವಾಗಬೇಕು. ಡಾಕ್ಟರರ ಔಷಧವನ್ನು ತಾನಾಗಿ ನಿಲ್ಲಿಸದಿರುವುದು, ಹಾವು ಕಚ್ಚಿದಾಗ, ಜ್ವರ ಏರಿದಾಗ ತಡಮಾಡದೆ ಆಸ್ಪತ್ರೆಗೆ ಹೋಗುವುದು, ಇಬ್ಬರು ವೈದ್ಯರಿಗೂ ಇರುವುದನ್ನು ಇದ್ದಂತೆ ಹೇಳುವುದು: ಇಷ್ಟೇ ಬೇಕಾದ ವಿವೇಕ. ಡಾಕ್ಟರರೂ ಗದರದೆ ಕೇಳುವವರಾದರೆ ಬಟ್ಟಲನ್ನು ಬಚ್ಚಿಡುವ ಅಗತ್ಯವೇ ಇರದು.